ಜೋಳದ ಹಾವಿಗೊಂದು ಮನೆ

ಚಟ್ಟನೂಗ, ಟೆನೆಸ್ಸಿ
೩ ಮಾರ್ಚ್ ೨೦೦೩

ಅಪ್ಪನಿಗೆ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಮ್ಮನ ಮಣ್ಣಿಗೆ ಬಂದು ಹೋದ ಮೇಲೆ ಇದೇ ಮೊದಲು. ಯಾರೂ ಸತ್ತಿಲ್ಲ, ಯಾರಿಗೂ ಕಾಯಿಲೆಯಿಲ್ಲ. ಲಕೋಟೆ ನೋಡಿ ಗಾಬರಿಯಾಗಿದ್ದರೆ ಸಮಾಧಾನ ಮಾಡಿಕೊಳ್ಳಿ.

ನನ್ನ ಮಗಳು ಟೆಸ್‌ಗೆ ಹತ್ತು ತುಂಬಿತು. ಅವಳನ್ನು ನೀವು ನೋಡಿಲ್ಲ. ನನ್ನಿಂದ ಬೇರೆಯಾಗಿರುವ ಅವಳಪ್ಪ ಹುಟ್ಟುಹಬ್ಬಕ್ಕೆಂದು ಬಂದ. ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಅವಳ ಕೈಗಿಟ್ಟು, ಕಾರಿನ ಎಂಜಿನನ್ನೂ ಆರಿಸದೆ ಹೊರಟುಹೋದ. ಮುಚ್ಚಳದ ತುಂಬ ಸೂಜಿಯಲ್ಲಿ ಚುಚ್ಚಿದ ತೂತು. ಒಳಗೆ ಪೆನ್ಸಿಲಿನಷ್ಟು ದಪ್ಪದ ಕಿತ್ತಳೆ ಬಣ್ಣದ ಮರಿ. ಜೋಳದ ಹಾವಂತೆ, ವಿಷವಿಲ್ಲವಂತೆ.

ಬಾಲ ಗಿಲಗಿಲ ಅನ್ನಿಸುವ ಆ ಗಿಲಕಿ ಹಾವು ಕಚ್ಚಿ ತಮ್ಮ ವೆಂಡೆಲ್ ತೀರಿಕೊಂಡ ದಿನದಿಂದ ನಾನು ಪುಸ್ತಕದಲ್ಲಿ ಹಾವಿನ ಚಿತ್ರ ಬಂದರೂ ಪುಟ ಮುಟ್ಟದವಳು. "ಬೇಡ ಕಣೇ, ಯಾರಿಗಾದ್ರೂ ಕೊಟ್ಬಿಡೋಣ" ಅಂದೆ. ಟೆಸ್ ಡಬ್ಬಿಯನ್ನು ಎದೆಗೆ ಅವಚಿಕೊಂಡು, "ಇದೂ ನಮ್ಮನ್ನ ಬಿಟ್ಟುಹೋಗ್ಬೇಕಾ ಅಮ್ಮ?" ಅಂದಳು. ಡಬ್ಬಿಯನ್ನು ಅವಳ ಕೈಯಲ್ಲೇ ಬಿಟ್ಟೆ.

ನನಗೆ ಗೊತ್ತಿರುವವರಲ್ಲಿ ಹಾವಿನ ಸಂಗತಿ ಬಲ್ಲವರು ನೀವೊಬ್ಬರೇ. ಅಂಗಡಿಯವನು ಒಂದು ಹೇಳುತ್ತಾನೆ, ಪುಸ್ತಕ ಇನ್ನೊಂದು ಹೇಳುತ್ತದೆ. ಇದನ್ನು ಎಲ್ಲಿಡಬೇಕು, ಹೇಗೆ ಇಟ್ಟರೆ ಬದುಕುತ್ತದೆ, ಅಷ್ಟನ್ನು ಬರೆಯಿರಿ. ಬೇರೆ ಯಾವ ಮಾತೂ ಬೇಡ.

ಮಾರ್ಲಾ

*

ಕೋಲ್ಬಿ ಸ್ಟೇಷನ್, ಜಾರ್ಜಿಯಾ
೯ ಮಾರ್ಚ್ ೨೦೦೩

ಮಾರ್ಲಾ,

ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ.

ಗಾಜಿನ ಪೆಟ್ಟಿಗೆ ತೆಗೆದುಕೋ. ದೊಡ್ಡದು ಬೇಡ, ಮೊಳಕ್ಕಿಂತ ಸ್ವಲ್ಪ ಉದ್ದವಿದ್ದರೆ ಸಾಕು. ಮರಿಯನ್ನು ದೊಡ್ಡ ಬಯಲಲ್ಲಿ ಬಿಟ್ಟರೆ ಅದು ಹೆದರಿ ಅನ್ನ ಬಿಡುತ್ತದೆ. ಮೇಲೆ ಜಾಲರಿಯ ಮುಚ್ಚಳ, ಅದಕ್ಕೆ ಎರಡೂ ಕಡೆ ಚಿಲಕ. ನಿನ್ನ ಕಿರುಬೆರಳು ತೂರುವಷ್ಟು ಸಂದಿ ಸಿಕ್ಕರೂ ಜೋಳದ ಹಾವು ಆಚೆಗೆ ಬಂದೇ ಬರುತ್ತದೆ.

ಬಿಸಿ ಒಂದು ಕಡೆ ಮಾತ್ರ ಇರಲಿ. ಪೆಟ್ಟಿಗೆಯ ಅಡಿಗೆ ಇಡುವ ಬಿಸಿಪಟ್ಟಿ ಸಿಗುತ್ತದೆ, ಮೂರರಲ್ಲಿ ಒಂದು ಪಾಲಿನ ಕೆಳಗೆ ಅದನ್ನಿಡು. ಬಿಸಿ ಹದ್ದುಮೀರದಂತೆ ತಡೆಯುವ ಯಂತ್ರವನ್ನೂ ಅದರ ಜೊತೆಗೇ ಕೊಳ್ಳು. ಅದಿಲ್ಲದೆ ಪಟ್ಟಿ ಹಚ್ಚಲೇಬೇಡ, ಹೊಟ್ಟೆ ಸುಟ್ಟುಹೋಗುತ್ತದೆ, ಹಾವು ಕೂಗುವುದಿಲ್ಲ. ಎಂಬತ್ತೈದು ಫ್ಯಾರನ್‌ಹೀಟ್. ಅಂದರೆ ನೆರಳಲ್ಲಿರುವ ಮಣ್ಣಿನ ಗೋಡೆಗೆ ಮಧ್ಯಾಹ್ನ ಕೈಯಿಟ್ಟರೆ ಇರುವಷ್ಟು ಬೆಚ್ಚಗೆ. ಇನ್ನೊಂದು ತುದಿ ತಣ್ಣಗಿರಲಿ. ಯಾವಾಗ ಎಲ್ಲಿರಬೇಕು ಅಂತ ಅದೇ ಆರಿಸಿಕೊಳ್ಳುತ್ತದೆ.

ಅವಿತುಕೊಳ್ಳಲು ಎರಡು ಗೂಡು ಮಾಡು, ಬೆಚ್ಚಗಿನ ಕಡೆ ಒಂದು, ತಣ್ಣಗಿನ ಕಡೆ ಒಂದು. ಒಂದೇ ಇದ್ದರೆ ಭಯಕ್ಕೆ ಅಲ್ಲೇ ಕೂತು ಚಳಿಗೋ ಸೆಕೆಗೋ ಸಾಯುತ್ತದೆಯೇ ಹೊರತು ಈಚೆಗೆ ಬರುವುದಿಲ್ಲ. ಗೂಡು ಇಕ್ಕಟ್ಟಾಗಿರಲಿ, ಮೈಗೆ ಗೋಡೆ ತಾಗುತ್ತಿರಬೇಕು. ನೆಲಕ್ಕೆ ಆಸ್ಪೆನ್ ಮರದ ಹೊಟ್ಟು ಹಾಕು. ನಮ್ಮ ಕಡೆಯ ಪೈನ್ ಬೇಡ, ಸೀಡರ್ ಅಂತೂ ಕೂಡದೇ ಕೂಡದು, ಆ ವಾಸನೆ ಅದರ ಉಸಿರಿಗೆ ವಿಷ. ಒಂದು ಭಾರವಾದ ಬಟ್ಟಲಲ್ಲಿ ನೀರು.

ತಂದ ಒಂದು ವಾರ ಯಾರೂ ಮುಟ್ಟಬೇಡಿ. ಆಮೇಲೆ ಐದಾರು ದಿನಕ್ಕೊಂದು ಇಲಿಮರಿ, ಅಂಗಡಿಯಲ್ಲಿ ಮಂಜುಗಟ್ಟಿಸಿ ಮಾರುತ್ತಾರೆ. ತಿಂದ ಮೇಲೆ ಎರಡು ದಿನ ಎತ್ತಬಾರದು.

ಅದರ ಹೊಟ್ಟೆಯನ್ನು ಹುಡುಗಿಗೆ ತೋರಿಸು. ಬಣ್ಣದ ಮೆಕ್ಕೆಜೋಳದ ತೆನೆಯ ಹಾಗೆ ಕಪ್ಪು ಬಿಳಿ ಚೌಕ ಇರುತ್ತದೆ. ಹೆಸರು ಬಂದದ್ದು ಅದರಿಂದ ಅನ್ನುತ್ತಾರೆ.

ಬೇರೆ ಮಾತು ಬೇಡ ಅಂದೆ. ಆಡಿಲ್ಲ.

ಅಪ್ಪ

*

ಚಟ್ಟನೂಗ
೨೪ ಮಾರ್ಚ್

ಅಪ್ಪನಿಗೆ,

ನೀವು ಬರೆದ ಹಾಗೆಯೇ ಎಲ್ಲ ಮಾಡಿದೆವು. ಟೆಸ್ ಒಡೆದ ಹೂಕುಂಡದ ಅರ್ಧವನ್ನು ಬೋರಲು ಹಾಕಿ ಒಂದು ಗೂಡು ಮಾಡಿದಳು. ಇನ್ನೊಂದು ಮರದ ತೊಗಟೆಯದು. ಹಾವಿಗೆ ಪೀಚ್ ಎಂದು ಹೆಸರಿಟ್ಟಿದ್ದಾಳೆ.

ಆದರೆ ಅದು ತಿನ್ನುತ್ತಿಲ್ಲ. ಎರಡು ಸಲ ಇಟ್ಟೆವು, ಎರಡು ಸಲವೂ ಇಲಿಮರಿ ಹಾಗೇ ಬಿದ್ದಿತ್ತು. ಬೆನ್ನಿನ ಮೂಳೆ ಕಾಣಿಸುತ್ತಿದೆ ಎಂದು ಟೆಸ್ ಹೇಳುತ್ತಾಳೆ. ನಾನು ಹತ್ತಿರ ಹೋಗಿ ನೋಡಿಲ್ಲ. ಶಾಲೆಯಿಂದ ಬಂದವಳೇ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ನಿನ್ನೆ ತನ್ನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿ, "ಅದು ತಿನ್ನೋವರ್ಗೂ ನಾನೂ ತಿನ್ನಲ್ಲ" ಅಂದಳು.

ಹೀಗಾದರೆ ಎಷ್ಟು ದಿನ ಬದುಕುತ್ತದೆ? ನಿಜ ಬರೆಯಿರಿ.

ಮಾರ್ಲಾ

*

ಕೋಲ್ಬಿ ಸ್ಟೇಷನ್
೨೮ ಮಾರ್ಚ್

ಮಾರ್ಲಾ,

ಇನ್ನೂ ಕೆಲವು ವಾರ ತಡೆಯುತ್ತದೆ. ಹೆದರಬೇಡ.

ತಪ್ಪು ಹುಡುಗಿಯದೇ, ಆದರೆ ಅವಳಿಗೆ ಹಾಗೆ ಹೇಳಬೇಡ. ಅವಳು ಮುಂದೆ ಕೂತು ನೋಡುತ್ತಿರುವುದರಿಂದಲೇ ಅದು ತಿನ್ನುತ್ತಿಲ್ಲ. ಪೆಟ್ಟಿಗೆಯ ಮೂರು ಕಡೆಗೂ ಹೊರಗಿನಿಂದ ಕಂದು ಕಾಗದ ಅಂಟಿಸು. ಗೂಡಿನೊಳಗೆ ಹೊಟ್ಟು ತುರುಕು. ಇಲಿಮರಿಯನ್ನು ಬಿಸಿನೀರಲ್ಲಿ ಚೆನ್ನಾಗಿ ಬೆಚ್ಚಗೆ ಮಾಡಿ, ಒಂದು ಸಣ್ಣ ಕಾಗದದ ಚೀಲದಲ್ಲಿ ಹಾವನ್ನೂ ಅದನ್ನೂ ಒಟ್ಟಿಗೆ ಇಟ್ಟು, ಬಾಯಿ ಮಡಚಿ, ಚೀಲವನ್ನು ಪೆಟ್ಟಿಗೆಯೊಳಗೇ ಬಿಟ್ಟು, ಬಾಗಿಲು ಎಳೆದುಕೊಂಡು ಬಂದುಬಿಡಿ. ಬೆಳಗಾಗುವವರೆಗೆ ಯಾರೂ ಆ ಕಡೆ ಹೋಗಬೇಡಿ.

ಚಟ್ಟನೂಗಕ್ಕೆ ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿಯಂತೆ. ಕೇಳಿಟ್ಟುಕೊಂಡಿದ್ದೇನೆ, ಅಷ್ಟೇ.

ಅಪ್ಪ

*

ಚಟ್ಟನೂಗ
೧೨ ಏಪ್ರಿಲ್

ಪ್ರೀತಿಯ ತಾತನಿಗೆ,

ನಾನು ಟೆಸ್. ಅಮ್ಮ ನಿಮ್ಮ ವಿಳಾಸ ಕೊಟ್ಟಳು. ಆದರೆ ತಾನು ಓದಿದ ಮೇಲೆಯೇ ಅಂಚೆಗೆ ಹಾಕುವುದಂತೆ.

ಪೀಚ್ ತಿಂದಿತು! ಚೀಲದಲ್ಲಿ ಇಟ್ಟು ಬಂದೆವು. ಬೆಳಿಗ್ಗೆ ನಾನು ಚೀಲ ಬಿಚ್ಚುವಾಗ ಅಮ್ಮ ಬಾಗಿಲ ಹೊರಗೆ ನಿಂತು "ತಿಂತಾ? ತಿಂತಾ?" ಅಂತ ಕೇಳುತ್ತಲೇ ಇದ್ದಳು. "ಸುಮ್ನಿರಮ್ಮ, ಅದಕ್ಕೆ ನಾಚ್ಕೆ ಆಗತ್ತೆ" ಅಂದೆ. ನೋಡಿದರೆ ಇಲಿಮರಿ ಇಲ್ಲ, ಪೀಚ್‌ನ ಹೊಟ್ಟೆಯಲ್ಲಿ ಒಂದು ಉಬ್ಬು! ನಾನು ಕುಣಿದೆ. ಅಮ್ಮ ಅತ್ತಳು. ಯಾಕೆ ಅಂದರೆ "ಈರುಳ್ಳಿ" ಅಂದಳು. ನಾವು ಈರುಳ್ಳಿ ಹೆಚ್ಚುತ್ತಲೇ ಇರಲಿಲ್ಲ.

ಆಮೇಲೆ ಎರಡು ಸಲ ತಿಂದಿದೆ. ಕಳೆದ ಭಾನುವಾರ ಚರ್ಚಿನಿಂದ ಬಂದ ಮೇಲೆ ಅಮ್ಮ ಒಳಗೆ ಬಂದು ನೆಲದ ಮೇಲೆ ಕೂತಳು. ನಾನು ಪೀಚ್‌ನನ್ನು ಹಿಡಿದುಕೊಂಡೆ. ಅಮ್ಮ ಒಂದೇ ಬೆರಳಲ್ಲಿ ಬಾಲ ಮುಟ್ಟಿ, "ಅಯ್ಯೋ, ಒಣಗಿದೆಯಲ್ಲೇ! ಜಿಗಟಾಗಿರತ್ತೆ ಅಂದ್ಕೊಂಡಿದ್ದೆ" ಅಂದಳು. ಈಗ ನನಗಿಂತ ಮುಂಚೆ ಅವಳೇ ನೀರು ಬದಲಾಯಿಸಿರುತ್ತಾಳೆ.

ಅಮ್ಮನ ಬೀರುವಿನಲ್ಲಿ ಒಬ್ಬ ಹುಡುಗನ ಫೋಟೋ ಇದೆ. ಮುಂದಿನ ಹಲ್ಲು ನನ್ನ ಹಾಗೆಯೇ ವಾರೆ. ವೆಂಡೆಲ್ ಮಾಮ ಅಂತೆ. ಅವನೂ ಹಾವು ಸಾಕಿದ್ದನಾ?

ನಿಮ್ಮ
ಟೆಸ್

*

ಕೋಲ್ಬಿ ಸ್ಟೇಷನ್
೨೦ ಏಪ್ರಿಲ್

ಟೆಸ್ ಮರಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಅಂತ ಹೇಳಿದರೆ ನಗುತ್ತೀಯ.

ವೆಂಡೆಲ್ ಹಾವು ಸಾಕಿರಲಿಲ್ಲ. ಅವನಿಗೆ ಹಾವೆಂದರೆ ಆಗುತ್ತಿರಲಿಲ್ಲ. ರೇಡಿಯೊ ಬಿಚ್ಚಿ ಪುನಃ ಕೂಡಿಸುವುದರಲ್ಲಿ ಗಟ್ಟಿಗ. ಮೂರು ತಿರುಪು ಯಾವಾಗಲೂ ಹೆಚ್ಚಿಗೆ ಉಳಿದಿರುತ್ತಿದ್ದವು, ಆದರೂ ರೇಡಿಯೊ ಹಾಡುತ್ತಿತ್ತು.

ಈಗ ಪೀಚ್‌ನ ಕಣ್ಣು ಮಸುಕಾಗಿ ನೀಲಿ ತಿರುಗಿದರೆ ಗಾಬರಿಯಾಗಬೇಡ. ಪೊರೆ ಬಿಡುವ ಕಾಲ. ಆಗ ಎತ್ತಬೇಡ, ತಿನ್ನಿಸಬೇಡ. ಮುಚ್ಚಳಕ್ಕೆ ಅದು ತೂರುವಷ್ಟು ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಪಾಚಿ ತುಂಬಿಸಿಡು. ಅದೇ ಒಳಗೆ ಹೋಗಿ ಮೈ ಉಜ್ಜಿಕೊಳ್ಳುತ್ತದೆ. ಕಾಲುಚೀಲ ಕಳಚಿದ ಹಾಗೆ ಪೊರೆ ಇಡಿಯಾಗಿ ಬಂದರೆ ಮನೆ ಚೆನ್ನಾಗಿದೆ ಎಂದರ್ಥ.

ಒಂದು ಮಾತು ನೆನಪಿಟ್ಟುಕೋ. ಅದು ಎಷ್ಟೇ ಸಾಧುವಾಗಿರಲಿ, ಕಣ್ಣಿಗೆ ಕಾಣದ ಕಡೆ ಕೈ ಹಾಕಬೇಡ.

ತಾತ

*

ಚಟ್ಟನೂಗ
೧೫ ಜೂನ್

ಅಪ್ಪಾ,

ಹೋದ ಶನಿವಾರ ಮಧ್ಯಾಹ್ನ ಪೀಚ್ ತಪ್ಪಿಸಿಕೊಂಡಿತ್ತು. ಒಂದು ಕಡೆಯ ಚಿಲಕ ಹಾಕುವುದನ್ನು ಟೆಸ್ ಮರೆತಿದ್ದಳು. ಮನೆಯೆಲ್ಲ ಹುಡುಕಿದೆವು. ಕೊನೆಗೆ ಬಟ್ಟೆ ಒಗೆಯುವ ಯಂತ್ರದ ಹಿಂದಿನ ಕತ್ತಲ ಸಂದಿಯಲ್ಲಿ ಬಾಲದ ತುದಿ ಕಂಡಿತು. ಟೆಸ್ ಮಂಡಿಯೂರಿ ಭುಜದವರೆಗೂ ಕೈ ಹಾಕಿಬಿಟ್ಟಳು.

ನನಗೇನಾಯಿತೋ ಗೊತ್ತಿಲ್ಲ. ಕಿರುಚಿ ಅವಳನ್ನು ಎಳೆದು ಕೆನ್ನೆಗೆ ಹೊಡೆದೆ. ಹತ್ತು ವರ್ಷದಲ್ಲಿ ಒಂದು ಏಟೂ ಹಾಕಿದವಳಲ್ಲ. ಅವಳು ಅಳಲಿಲ್ಲ. ಆ ಕೈಯಲ್ಲಿ ಹಾವನ್ನು ಹಿಡಿದುಕೊಂಡೇ, "ಇದು ಪೀಚ್ ಅಮ್ಮ. ನೀನ್ಯಾಕೆ ವೆಂಡೆಲ್ ಅಂತ ಕೂಗಿದೆ?" ಅಂತ ಕೇಳಿದಳು.

ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಇಷ್ಟು ತಿಂಗಳು ನೀನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾ ಬಂದೆ, ಅದಕ್ಕೇ ನಿನಗೆ ಹೇಳಬಹುದು ಅನ್ನಿಸುತ್ತಿದೆ. ನಾನು ಮನೆ ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿಗೆ ಅಂತ ನೀನು ತಿಳಿದಿದ್ದೀಯ. ಅಲ್ಲ ಅಪ್ಪಾ.

ಎಲ್ಲರಿಗಿಂತ ದೊಡ್ಡ ಹಾವು ತಂದವರಿಗೆ ಬಹುಮಾನ ಕೊಡುವ ಪಂದ್ಯಕ್ಕೆ ಗಿಲಕಿ ಹಾವು ಹಿಡಿಯಲು ನೀವೆಲ್ಲ ಹೊರಟ ಆ ಬೆಳಿಗ್ಗೆ, ವೆಂಡೆಲ್ ಹೊಟ್ಟೆನೋವು ಅಂತ ಹೊದಿಕೆಯೊಳಗೆ ಮುದುಡಿಕೊಂಡಿದ್ದ. ನಾನು ಹೊದಿಕೆ ಕಿತ್ತೆಸೆದೆ. "ಹೆದರುಪುಕ್ಕ! ಹನ್ನೆರಡು ವರ್ಷದ ಕತ್ತೆ! ಒಂದನ್ನಾದ್ರೂ ಕೈಯಾರೆ ಹಿಡ್ಕೊಂಡು ಬಾ, ಆಗ ಗಂಡು ಅಂತೀನಿ" ಅಂದೆ. ಅವನು ಎದ್ದು ಬೂಟು ಹಾಕಿಕೊಂಡ. ಎಡ ಬಲ ತಪ್ಪಾಗಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡ.

ಸಾಯಂಕಾಲ ನೀನು ಬಂದು, "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ, ತಾನೇ ಬಿಲಕ್ಕೆ ಕೈ ಹಾಕ್ದ" ಅಂದೆ. ಯಾಕೆ ಹಾಕಿದ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. "ನನ್ ಮಗ ಹೇಳಿದ ಮಾತು ಮೀರೋನಲ್ಲ" ಅಂತ ಅಮ್ಮ ಎಷ್ಟು ವರ್ಷ ಅತ್ತಳು! ಅವಳ ಮುಖ ನೋಡಿಕೊಂಡು ಊಟ ಮಾಡಲು ಆಗುತ್ತಿರಲಿಲ್ಲ. ಹದಿನೆಂಟಕ್ಕೆ ಬಸ್ಸು ಹತ್ತಿದೆ. ಅವಳು ಸಾಯುವಾಗಲೂ ಹೇಳಲಿಲ್ಲ.

ಈಗ ನಿನಗೆ ಹೇಳಿದ್ದೇನೆ. ನೀನು ನನ್ನನ್ನು ಏನೆಂದುಕೊಂಡರೂ ಸರಿ. ಆಗಸ್ಟಿನಲ್ಲಿ ಒಂದು ವಾರ ರಜೆಯಿದೆ. ಟೆಸ್‌ನನ್ನೂ ಪೀಚ್‌ನನ್ನೂ ಕರೆದುಕೊಂಡು ಬರುತ್ತೇನೆ. ನೀನು ಬೇಯಿಸಿದ ಕಡಲೇಕಾಯಿ ತಿನ್ನಬೇಕಂತೆ ಅವಳಿಗೆ.

ನಿನ್ನ
ಮಾರ್ಲಾ

*

ಕೋಲ್ಬಿ ಸ್ಟೇಷನ್
೬ ಜುಲೈ

ಮಾರ್ಲಾ,

ಮೂರು ವಾರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ. ವೆಂಡೆಲ್‌ನ ಕೋಣೆಗೆ ಹೊಡೆಯಲು ಬಣ್ಣ ತಂದಿದ್ದೆ, ಟೆಸ್ ಮಲಗಲೆಂದು. ಎರಡು ಗೋಡೆ ಮುಗಿಸಿದೆ. ಮೂರನೆಯದಕ್ಕೆ ಕೈ ಏಳಲಿಲ್ಲ.

ಸುಮ್ಮನಿದ್ದರೆ ನೀವು ಬರುತ್ತೀರಿ. ಇದನ್ನು ಓದಿದರೆ ಬರುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ವೆಂಡೆಲ್ ತಾನಾಗಿ ಕೈ ಹಾಕಲಿಲ್ಲ. ನಾನು ಹಾಕಿಸಿದೆ.

ಬಿಲದ ಹತ್ತಿರ ನಮ್ಮ ಜೊತೆಗಿದ್ದದ್ದು ನನ್ನ ಗೆಳೆಯ ಸೀಸಲ್ ಒಬ್ಬನೇ. ಹಾವು ಸೇರಿಕೊಂಡಿದ್ದ ನೆಲದಾಮೆಯ ಬಿಲದೊಳಕ್ಕೆ ರಬ್ಬರು ಕೊಳವೆ ಇಳಿಬಿಟ್ಟು ಪೆಟ್ರೋಲ್ ಸುರಿದಿದ್ದೆವು, ಆವಿಗೆ ಹಾವು ಮತ್ತೇರಿ ಮೇಲೆ ಬರಲಿ ಅಂತ. ಅದು ಬಿಲದ ಬಾಯಿಯ ಹತ್ತಿರ ಬಂದು ನಿಂತಿತು. ನನ್ನ ತೋಳು ದಪ್ಪ, ಬಿಲಕ್ಕೆ ಹಿಡಿಸುತ್ತಿರಲಿಲ್ಲ. "ನೀನು ಕೈ ಹಾಕಿ ಎಳಿ, ಅದಕ್ಕೀಗ ಜ್ಞಾನ ಇಲ್ಲ" ಅಂದೆ. "ನಂಗೆ ಬೇಡ ಅಪ್ಪಾ" ಅಂದ. ಸೀಸಲ್ ನಕ್ಕ. ಆ ನಗು ನನಗೆ ತಡೆಯಲಾಗಲಿಲ್ಲ. "ನೀನು ನನ್ ಮಗ ಹೌದೋ ಅಲ್ವೋ?" ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ಕೈ ಒಳಗೆ ಹಾಕಿದ.

ನಿನ್ನ ಹೆಸರನ್ನು ಅವನು ಎತ್ತಲಿಲ್ಲ. ಬೆಳಗಿನ ಮಾತು ಅವನಿಗೆ ನೆನಪಿತ್ತು ಅಂತಲೂ ನನಗೆ ಅನ್ನಿಸುವುದಿಲ್ಲ. ದಾರಿಯುದ್ದಕ್ಕೂ ರೇಡಿಯೊ ವಿಚಾರ ಮಾತಾಡುತ್ತಾ ಬಂದಿದ್ದ.

ಇನ್ನೂ ಇದೆ. ಕಚ್ಚಿದ ಹಾವು ಅವನ ಕೈಗೆ ಅಂಟಿಕೊಂಡೇ ಹೊರಗೆ ಬಂತು. ಆ ವರ್ಷ ಯಾರಿಗೂ ಸಿಗದಷ್ಟು ದೊಡ್ಡದು. ನಾನು ಮೊದಲು ಅದನ್ನು ಚೀಲಕ್ಕೆ ತುಂಬಿದೆ. ಬಾಯಿ ಕಟ್ಟಿದೆ. ಆಮೇಲೆ ಮಗನ ಕಡೆ ತಿರುಗಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆಸ್ಪತ್ರೆ ನಲವತ್ತು ಮೈಲಿ. "ಮೊದಲೇ ತಂದಿದ್ರೆ" ಅಂತ ಅಲ್ಲಿಯ ಡಾಕ್ಟರು ಅರ್ಧ ಹೇಳಿ ನಿಲ್ಲಿಸಿದರು.

ತಾನೇ ಹಾಕಿದ ಅಂತ ಹೇಳುವುದು ಕಾರಿನಲ್ಲಿ ಸೀಸಲ್ ಕೊಟ್ಟ ಉಪಾಯ. ನಿನ್ನ ಅಮ್ಮ ಮಗ ಯಾಕೆ ಮಾತು ಮೀರಿದ ಅಂತ ಕೇಳಿಕೊಂಡೇ ಹೋದಳು. ಅವಳಿಗೆ ನಿಜ ಹೇಳಲು ನನಗೆ ಹನ್ನೊಂದು ವರ್ಷ ಇತ್ತು. ಸೀಸಲ್ ಹೋದ ಚಳಿಗಾಲ ತೀರಿಕೊಂಡ. ಈಗ ಇದು ಗೊತ್ತಿರುವುದು ನನಗೆ, ನಿನಗೆ.

ನಿನ್ನ ಮೇಲೆ ಈ ಹೊರೆಯಿದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ ಅಂತ ಬರೆಯಲು ಹೊರಟಿದ್ದೆ. ಅದೂ ನಿಜವೋ ಇಲ್ಲವೋ ನನಗೆ ತಿಳಿಯದು. ಆದ್ದರಿಂದ ಬರೆಯುವುದಿಲ್ಲ.

ಹೋಯ್ಟ್ ಗ್ರೈನರ್

*

ಕೋಲ್ಬಿ ಸ್ಟೇಷನ್
೧೪ ಸೆಪ್ಟೆಂಬರ್

ಮಾರ್ಲಾ,

ಉತ್ತರ ಬೇಡ. ಚಳಿ ಬರುತ್ತಿದೆ, ಅದಕ್ಕೆ ಬರೆದೆ. ಈ ಹೊತ್ತಿಗೆ ಪೀಚ್ ಒಂದೂವರೆ ಮೊಳವಾದರೂ ಆಗಿರಬೇಕು, ಸಣ್ಣ ಪೆಟ್ಟಿಗೆ ಸಾಲದು. ಉದ್ದ ಪೆಟ್ಟಿಗೆ ತಂದರೆ ಗೂಡುಗಳನ್ನೂ ಬದಲಾಯಿಸಬೇಕು. ಏರಲು ಒಂದು ಕೊಂಬೆ ಇರಲಿ. ಚಳಿಗೆ ತಿನ್ನುವುದು ಕಮ್ಮಿ ಮಾಡಿದರೆ ಟೆಸ್ ಹೆದರದಿರಲಿ, ಬಿಸಿ ಮಾತ್ರ ಆರಿಸಬೇಡಿ.

ಆಗಸ್ಟ್ ಪೂರ್ತಿ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ನೀವು ಬರುವುದಿಲ್ಲ ಎಂದು ಗೊತ್ತಿತ್ತು.

ಪೊಲೀಸ್ ಠಾಣೆಗೆ ಹೋಗಿ ಶೆರೀಫನಿಗೆ ನಡೆದದ್ದನ್ನೆಲ್ಲ ಹೇಳಿದೆ. ಹೊಸಬ, ನಿನಗಿಂತ ಚಿಕ್ಕವನು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೇಳಿದ. "ಇಪ್ಪತ್ತೆರಡು ವರ್ಷ ಆಯ್ತಲ್ಲ ತಾತ. ಈಗ ನಾನೇನ್ ಬರ್ಕೊಳ್ಲಿ? ಮನೆಗೆ ಹೋಗಿ" ಅಂದ. ಅಲ್ಲಿಂದ ನಿನ್ನ ಅಮ್ಮನ ಸಮಾಧಿಗೆ ಹೋಗಿ ಗಟ್ಟಿಯಾಗಿ ಹೇಳಿದೆ. ಹುಲ್ಲು ಕತ್ತರಿಸುವವನು ಯಂತ್ರ ನಿಲ್ಲಿಸಿ ನೋಡಿದ. ಅವಳಿಗಂತೂ ಕೇಳಿಸಲಿಲ್ಲ.

ಹೋಯ್ಟ್

*

ಚಟ್ಟನೂಗ
೨೩ ನವೆಂಬರ್

ಹೋಯ್ಟ್ ಗ್ರೈನರ್ ಅವರಿಗೆ,

ನಿಮ್ಮ ಎರಡು ಕಾಗದಗಳೂ ತಲುಪಿವೆ. ಕೊನೆಯದರಲ್ಲಿ ಹಾವಿನ ಭಾಗವನ್ನಷ್ಟೇ ಟೆಸ್‌ಗೆ ಓದಿ ಹೇಳಿದೆ. ಉದ್ದದ ಪೆಟ್ಟಿಗೆ ತಂದೆವು, ಕೊಂಬೆ ಇಟ್ಟೆವು. ಪೀಚ್ ಚೆನ್ನಾಗಿದೆ, ಭಾನುವಾರ ತಿಂದಿತು. ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಒಂದು ಜೀವ ಯಾವುದಕ್ಕೆ ಹೆದರುತ್ತದೆ, ಅದನ್ನು ಯಾವಾಗ ಅದರ ಪಾಡಿಗೆ ಬಿಡಬೇಕು, ನಿಮಗೆ ಎಷ್ಟು ಚೆನ್ನಾಗಿ ಗೊತ್ತು! ಅದನ್ನು ನೆನೆದಷ್ಟೂ ನಿಮ್ಮನ್ನು ಕ್ಷಮಿಸಲಾಗುತ್ತಿಲ್ಲ.

ತಾತನಿಗೆ ಯಾಕೆ ಬರೆಯಬಾರದು ಎಂದು ಟೆಸ್ ಮೊದಮೊದಲು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಬಿಟ್ಟುಹೋಗುವವರ ಪಟ್ಟಿಗೆ ನಿಮ್ಮನ್ನೂ ಸೇರಿಸಿಕೊಂಡಿರಬೇಕು. ದೊಡ್ಡವಳಾದ ಮೇಲೆ ಎಲ್ಲ ಹೇಳುತ್ತೇನೆ. ಆಮೇಲೆ ಬರೆಯುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ನೀವು ಬರೆಯಬೇಡಿ. ಬಂದರೆ ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ.

ನನ್ನ ಹೊರೆ ಇಳಿಯಿತು ಎಂದು ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡೆ. ಜುಲೈಯಲ್ಲಿ ಎರಡು ದಿನ ನಿಜವಾಗಿ ಹಾಗೆಯೇ ಅನ್ನಿಸಿತು.

ಹದಿನಾಲ್ಕು ವರ್ಷದವಳಿದ್ದಾಗಿನಿಂದ ನಾನು ಪ್ರತಿ ಬೆಳಿಗ್ಗೆ ಮುಖ ತೊಳೆದ ಮೇಲೆ ಕನ್ನಡಿಯ ಮುಂದೆ ನಿಂತು ವೆಂಡೆಲ್‌ನ ಹತ್ತಿರ ತಪ್ಪಾಯಿತು ಅನ್ನುತ್ತಿದ್ದೆ. ಮದುವೆಯ ದಿನವೂ ಅಂದೆ, ಟೆಸ್ ಹುಟ್ಟಿದ ದಿನ ಆಸ್ಪತ್ರೆಯಲ್ಲೂ ಅಂದೆ. ಅದೊಂದು ಮಾತಿನಲ್ಲಿ ಅವನು ನನಗೆ ದಿನಾ ಸಿಗುತ್ತಿದ್ದ, ಹನ್ನೆರಡು ವರ್ಷದವನಾಗಿ, ಬೂಟು ತಪ್ಪಾಗಿ ಹಾಕಿಕೊಂಡು. ಈಗಲೂ ನಿಲ್ಲುತ್ತೇನೆ. ಬಾಯಿ ತೆರೆಯುತ್ತೇನೆ. ಕ್ಷಮೆ ಕೇಳಲು ತಪ್ಪೇ ಉಳಿದಿಲ್ಲ. ಅವನು ಬರುವುದಿಲ್ಲ.

ಮಾರ್ಲಾ